ಹೆಬ್ಬಾಳದ ಏರಿನಲ್ಲಿ ಅದುರಿದ ಕಾರು

ಆಯುಧಪೂಜೆಯ ಹಿಂದಿನ ದಿನ ಯಲಹಂಕದ ಯಾವ ವಾಟರ್ ಸರ್ವಿಸ್ ಮುಂದೆ ನೋಡಿದರೂ ಗಾಡಿಗಳ ಸಾಲು. ಆಟೋ, ಗೂಡ್ಸ್ ಟೆಂಪೊ, ಸ್ಕೂಲ್ ವ್ಯಾನು, ಮಧ್ಯೆ ಮಧ್ಯೆ ನಮ್ಮಂಥವರ ಹಳೇ ಕಾರು. ಒಂದೂವರೆ ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ಪೈಪ್ ಹಿಡಿದಿದ್ದ ಹುಡುಗ ಬಾನೆಟ್ ಎತ್ತಿ, "ಇಂಜಿನ್‌ಗೂ ಹೊಡೀಲಾ ಮೇಡಂ? ಹಬ್ಬ ಅಲ್ವಾ, ಪಳಪಳ ಅನ್ನುತ್ತೆ" ಅಂದ. ಪೂಜೆ ದಿನ ಬಾನೆಟ್ ಎತ್ತಿ ಇಂಜಿನ್‌ಗೂ ಅರಿಶಿನ ಕುಂಕುಮ ಇಡೋದು ನಮ್ಮ ಮನೆಯ ಪದ್ಧತಿ. ಜಿಡ್ಡಿನ ಮೇಲೆ ಕುಂಕುಮ ಇಟ್ಟರೆ ಏನು ಚೆಂದ? "ಹೊಡಿಯಪ್ಪ" ಅಂದೆ.

ಮಾರನೇ ದಿನ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಎರಡು ಬಾಳೆಕಂದು, ಒಂದು ಬೂದುಗುಂಬಳ. ದೇವಸ್ಥಾನದವರೆಗೆ ಒಂದು ಸುತ್ತು ಹೋಗಿಬಂದು ಕಾರು ನಿಲ್ಲಿಸಿದೆವು. ಎಲ್ಲ ಚೆನ್ನಾಗಿತ್ತು.

ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಆರರ ಪಾಳಿ, ಆರ್.ಟಿ. ನಗರದ ಕಡೆ. ಐದು ಗಂಟೆಗೆ ಮನೆ ಬಿಡಬೇಕು. ಆ ಹೊತ್ತಲ್ಲಿ ಕ್ಯಾಬ್ ಬುಕ್ ಮಾಡಿದವರಿಗೆ ಗೊತ್ತಿರುತ್ತೆ, ಡ್ರೈವರಿಗೆ ಏರ್‌ಪೋರ್ಟ್ ಟ್ರಿಪ್ ಸಿಕ್ಕಿದ ಕೂಡಲೇ ನಮ್ಮದು ಕ್ಯಾನ್ಸಲ್. ಹಾಗಾಗಿ ನಮ್ಮ 2014ರ ಮೂರು ಸಿಲಿಂಡರಿನ ಪೆಟ್ರೋಲ್ ಕಾರೇ ಗತಿ, ನಾನೇ ಡ್ರೈವರು. ಪಾಳಿ ತಪ್ಪಿದರೆ ಮೆಷಿನ್ ಮತ್ತೆ ಯಾವಾಗ ಖಾಲಿಯಾಗುತ್ತೋ ಕಾಯಬೇಕು. ಅಷ್ಟರಲ್ಲಿ ಅಪ್ಪನ ಕಾಲು ಊದುತ್ತೆ, ಮಲಗಿದರೆ ಉಸಿರು ಕಟ್ಟುತ್ತೆ.

ಪೂಜೆಯ ಮಾರನೇ ದಿನ ಗುರುವಾರ. ಕೋಗಿಲು ಕ್ರಾಸ್, ಜಕ್ಕೂರು, ಬ್ಯಾಟರಾಯನಪುರ, ಕೊಡಿಗೇಹಳ್ಳಿ ಗೇಟ್ ತನಕ ಏನೂ ಗೊತ್ತಾಗಲಿಲ್ಲ. ರಸ್ತೆ ಖಾಲಿ, ಮೆತ್ತಗೆ ಬಂದೆ. ಹೆಬ್ಬಾಳದ ಮೇಲ್ಸೇತುವೆ ಹತ್ತೋಕೆ ಅಂತ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಗಡಗಡ ಅಂತ ಇಡೀ ಕಾರು ನಡುಗಿತು. ಸ್ಟೀರಿಂಗು, ಸೀಟು, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ, ಎಲ್ಲಾ. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೀತಿದ್ದಾರೆ ಅನ್ನೋ ಹಾಗೆ ಗಾಡಿ ಮುಂದಕ್ಕೇ ಹೋಗುತ್ತಿಲ್ಲ. ಇಂಜಿನ್ ಚಿತ್ರದ ಹಳದಿ ದೀಪ ನಾಲ್ಕೈದು ಸಲ ಮಿಣುಕಿ ಆರಿತು. ಏರ್‌ಪೋರ್ಟ್ ಕಡೆಯಿಂದ ಖಾಲಿ ಬರುವ ಕ್ಯಾಬ್‌ಗಳು ಆ ಹೊತ್ತಲ್ಲಿ ಹೇಗೆ ಓಡುತ್ತವೆ ಅಂತ ನಿಮಗೇ ಗೊತ್ತು. ಒಂದು ನನ್ನ ಬೆನ್ನಿಗೇ ಬಂದು ಡಿಪ್ಪರ್ ಹೊಡೀತು. ಎಡಕ್ಕೆ ಸರಿದು ಕಾಲು ಸಡಿಲಿಸಿದೆ. ಅದುರೋದು ನಿಂತಿತು. ಮತ್ತೆ ಒತ್ತಿದೆ, ಮತ್ತೆ ಗಡಗಡ. ಕೊನೆಗೆ ಎರಡನೇ ಗೇರಲ್ಲಿ, ತುದಿಗಾಲಲ್ಲಿ ಒತ್ತುತ್ತಾ ಏರು ದಾಟಿದ್ದಾಯಿತು.

ಹಿಂದಿನ ಸೀಟಿನಿಂದ ಅಪ್ಪ ಅಂದರು, "ಕಾಲು ತೆಗೆದ್ರೆ ನಿಂತುಹೋಯ್ತಲ್ಲ ಪುಟ್ಟಿ. ಹಂಗಾದ್ರೆ ಇದು ಗಾಲಿದಲ್ಲ ಬಿಡು."

ಅಪ್ಪ ಯಲಹಂಕದ ವೀಲ್ ಅಂಡ್ ಆಕ್ಸಲ್ ಪ್ಲಾಂಟಿನಲ್ಲಿ ಇದ್ದವರು. 1984ರಲ್ಲಿ ಶುರುವಾದ, ಈಗ ರೈಲ್ ವೀಲ್ ಫ್ಯಾಕ್ಟರಿ ಅಂತ ಹೆಸರು ಬದಲಾದ ಅದೇ ಕಾರ್ಖಾನೆ. ರೈಲಿನ ಗಾಲಿ ಎರಕ ಹೊಯ್ಯೋ ಜಾಗದಲ್ಲಿ ಜೀವನ ಕಳೆದವರಿಗೆ ಗಾಲಿಯ ಅದುರು ಯಾವುದು, ಬೇರೆಯದರ ಅದುರು ಯಾವುದು ಅಂತ ಹೇಳಿಕೊಡಬೇಕಾಗಿಲ್ಲ. ಗಾಲಿಯ ಬ್ಯಾಲೆನ್ಸ್ ತಪ್ಪಿದ್ದರೆ ಒಂದು ವೇಗ ಬಂದ ಕೂಡಲೇ ಅದುರೋಕೆ ಶುರುವಾಗುತ್ತೆ. ಆಕ್ಸಿಲರೇಟರ್ ಮೇಲೆ ಕಾಲಿರಲಿ, ಬಿಡಲಿ, ಆ ವೇಗ ಇರೋವರೆಗೂ ಅದು ಹೋಗಲ್ಲ. ನಮ್ಮದು ಹಾಗಿರಲಿಲ್ಲ. ಒತ್ತಿದಾಗ ಮಾತ್ರ ಅದುರು. ಈ ಸಾಲನ್ನು ಅವತ್ತೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಗ್ಯಾರೇಜಿಗೆ ಹೋಗಿದ್ದರೆ ಐದು ಸಾವಿರದ ಎಂಟುನೂರು ರೂಪಾಯಿ ಉಳಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. "ಗಾಡಿ ಶೇಕ್ ಆಗ್ತಿದೆ" ಅಂತ ಮೂರೇ ಪದ ಹೇಳಿದೆ.

ಅದಕ್ಕೂ ಮೊದಲು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಒಂದು ಸಭೆ ನಡೆಯಿತು. ಕಾರಿನ ಬಾನೆಟ್ ಎತ್ತಿದರೆ ಸಾಕು, ನಮ್ಮಲ್ಲಿ ಗಂಡಸರು ಎಲ್ಲಿಂದ ಉದುರುತ್ತಾರೋ ಗೊತ್ತಿಲ್ಲ. ಒಬ್ಬರು ಕ್ಲಚ್ ಅಂದರು. ಒಬ್ಬರು ಏರ್ ಫಿಲ್ಟರ್. ಮೂರನೇ ಮಹಡಿಯ ಅಂಕಲ್ ಮಾತ್ರ ಖಚಿತವಾಗಿ, "ಎಲ್ಲಾ ಈ ಎಥೆನಾಲ್ ಪೆಟ್ರೋಲಿಂದಮ್ಮಾ" ಅಂತ ತೀರ್ಪು ಕೊಟ್ಟರು.

ಆ ಮಾತನ್ನು ಸುಮ್ಮನೆ ತಳ್ಳಿಹಾಕೋ ಹಾಗೂ ಇಲ್ಲ. ಶೇಕಡ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಈ ದಿಕ್ಕಿನಲ್ಲೇ, ಯಶವಂತಪುರ ದಾಟಿ ಮುಂದೆ ತುಮಕೂರು ರಸ್ತೆಯಲ್ಲಿರೋ ವಸ್ತುಪ್ರದರ್ಶನ ಕೇಂದ್ರದಲ್ಲಿ, 2023ರ ಫೆಬ್ರವರಿ 6ರಂದು. ಮೊದಲಿಗೆ ದೇಶದ 84 ಬಂಕ್‌ಗಳಲ್ಲಿ ಮಾತ್ರ ಸಿಗುತ್ತಿತ್ತು, ಈಗ ಬಹುತೇಕ ಎಲ್ಲೆಡೆ ಅದೇ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಪಂಪ್ ಎಳೆಯೋದೂ ತಳದಿಂದಲೇ. ಆಗ ಇಂಜಿನ್ ಅದುರೋದು ಖಂಡಿತ. ಆದರೆ ಒಂದು ಮಾತು ಅಂಕಲ್‌ಗೆ ಹೊಳೆದಿರಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ. ಟ್ಯಾಂಕಿನಲ್ಲಿ ದೋಷ ಇದ್ದರೆ ಮೂರೂ ಸಿಲಿಂಡರ್ ಒಟ್ಟಿಗೆ ಮುನಿಸಿಕೊಳ್ಳಬೇಕು. ಸಾಂಬಾರು ಕೆಟ್ಟಿದ್ದರೆ ಪಂಕ್ತಿಯಲ್ಲಿ ಒಬ್ಬರಿಗೆ ಮಾತ್ರ ಹೊಟ್ಟೆ ನೋಯುತ್ತಾ?

ಶುಕ್ರವಾರ ಗ್ಯಾರೇಜಿಗೆ ಬಿಟ್ಟೆ. ಯಾವ ಗ್ಯಾರೇಜು ಅನ್ನೋದು ಬೇಡ. ನ್ಯೂಟ್ರಲ್‌ನಲ್ಲಿ ಜೋರಾಗಿ ರೇಸ್ ಕೊಟ್ಟು ನೋಡಿ, "ಇಂಜಿನ್ ಪರ್ಫೆಕ್ಟ್ ಇದೆ, ಮೌಂಟಿಂಗ್ ಹೋಗಿದೆ" ಅಂದರು. ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ರಬ್ಬರಿನ ಗುಬುಟುಗಳಿಗೆ ಮೌಂಟಿಂಗ್ ಅಂತಾರೆ. ತೆಗೆದು ತೋರಿಸಿದರು, ರಬ್ಬರ್ ಬಿರುಕು ಬಿಟ್ಟಿದ್ದು ನಿಜ. ಅವರು ಮೋಸ ಮಾಡಿದರು ಅಂತ ನಾನು ಹೇಳಲ್ಲ. ಹತ್ತು ವರ್ಷ ದಾಟಿದ ಯಾವ ಕಾರಿನ ಮೌಂಟಿಂಗ್ ತೆಗೆದರೂ ಬಿರುಕು ಕಂಡೇ ಕಾಣುತ್ತೆ. ಆದರೆ ಮೌಂಟಿಂಗ್ ಹೋದರೆ ಸೆಲ್ಫ್ ಹೊಡೆದಾಗ, ಆಫ್ ಮಾಡಿದಾಗ, ರಿವರ್ಸ್ ಗೇರ್ ಹಾಕಿ ಕ್ಲಚ್ ಬಿಡುವಾಗ 'ಧಡ್' ಅಂತ ಒಂದು ಏಟು ಬೀಳುತ್ತೆ. ಎಳೆತ ಕಡಿಮೆ ಆಗೋದಿಲ್ಲ, ಹಳದಿ ದೀಪ ಮಿಣುಕೋದೂ ಇಲ್ಲ. ನಮ್ಮ ಕಾರಿಗೆ ಆ ಏಟು ಇರಲಿಲ್ಲ, ಎಳೆತ ಇರಲಿಲ್ಲ. ಕೇಳೋರು ಕೇಳಲಿಲ್ಲ, ಹೇಳೋಳು ಹೇಳಲಿಲ್ಲ.

ಶನಿವಾರ ಕಾರು ಸೊಗಸಾಗಿ ಹೆಬ್ಬಾಳ ಹತ್ತಿತು. ಐದು ಸಾವಿರದ ಎಂಟುನೂರು ಸಾರ್ಥಕ ಅಂದುಕೊಂಡೆ. ಮಂಗಳವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಅದೇ ಏರು, ಅದೇ ಗಡಗಡ, ಈ ಸಲ ಇನ್ನೂ ಜೋರು. ದೀಪ ಮಿಣುಕಿ ಮಿಣುಕಿ ಕೊನೆಗೆ ಆರದೆ ಉರಿಯುತ್ತಾ ನಿಂತಿತು. ಪಶುವೈದ್ಯ ಕಾಲೇಜಿನ ಮುಂದೆ ಪಕ್ಕಕ್ಕೆ ನಿಲ್ಲಿಸಿ ಐದು ನಿಮಿಷ ಕೂತೆ. ಕೈ ನಡುಗುತ್ತಿತ್ತು, ಅದು ಇಂಜಿನ್ನಿನದಲ್ಲ. ತಲುಪಿದಾಗ ಆರೂ ಇಪ್ಪತ್ತೈದು. ಅವತ್ತು ಅಪ್ಪನಿಗೆ ನಾಲ್ಕು ಗಂಟೆಯ ಬದಲು ಮೂರೂವರೆ ಗಂಟೆಯಷ್ಟೇ ಸಿಕ್ಕಿತು. ಅಪ್ಪ ಏನೂ ಅನ್ನಲಿಲ್ಲ.

ಅಲ್ಲಿನ ಸೆಕ್ಯುರಿಟಿಯವರನ್ನು ಹತ್ತಿರದಲ್ಲಿ ಯಾರಾದರೂ ಮೆಕ್ಯಾನಿಕ್ ಇದ್ದಾರಾ ಅಂತ ಕೇಳಿದೆ. ಗಂಗಾನಗರದ ಕಡೆಯ ಒಂದು ಅಡ್ಡರಸ್ತೆ ತೋರಿಸಿದರು. ಎರಡು ಕಾರು ನಿಲ್ಲುವಷ್ಟು ಜಾಗ, ತಗಡಿನ ಚಾವಣಿ, ಗೋಡೆಗೆ ಸಾಲಾಗಿ ತೂಗಿದ ಸ್ಪ್ಯಾನರುಗಳು. ಅರವತ್ತರ ಹತ್ತಿರದ ಭಾಯಿ ಒಬ್ಬರು ಆಗಷ್ಟೇ ಶಟರ್ ಎತ್ತುತ್ತಿದ್ದರು.

"ಗಾಡಿ ಶೇಕ್ ಆಗ್ತಿದೆ ಭಾಯಿ" ಅಂದೆ, ಮತ್ತದೇ ಮೂರು ಪದ.

ಅವರು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. "ಕೂತ್ಕೊಳ್ಳಿ ಅಕ್ಕಾ. ಯಾವಾಗ ಆಗ್ತದೆ, ಅದು ಹೇಳಿ ಮೊದ್ಲು."

ಆಮೇಲೆ ಶುರುವಾಯಿತು ನೋಡಿ, ವಕೀಲರ ಪಾಟೀಸವಾಲು. ನಿಂತಾಗ ಅದುರುತ್ತಾ? ಇಲ್ಲ, ಮೂರು ಸಿಲಿಂಡರ್ ಗಾಡಿಗೆ ಇರುವಷ್ಟು ಮಾಮೂಲಿ ನಡುಕ ಅಷ್ಟೇ. ಫಸ್ಟ್ ಗೇರಲ್ಲಿ ಎತ್ತುವಾಗ? ಇಲ್ಲ. ಇದ್ದಿದ್ದರೆ ಕ್ಲಚ್ ಪ್ಲೇಟ್ ಕಡೆ ನೋಡಬೇಕಿತ್ತಂತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು? ಇಲ್ಲ. ಇದ್ದಿದ್ದರೆ ಗಾಲಿಗೆ ಹೋಗುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟು. ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ತಣ್ಣಗಿದ್ದಾಗ ಜಾಸ್ತಿ, ಮಧ್ಯಾಹ್ನ ವಾಪಸ್ ಹೋಗುವಾಗ ಕಡಿಮೆ. ಮಳೆ ಬಂದಾಗ? ಹೌದು, ಇವತ್ತು ಜಾಸ್ತಿ. ಈ ಉತ್ತರ ಕೇಳಿ ಅವರು ಮೊದಲ ಸಲ ತಲೆ ಆಡಿಸಿದರು. ಕೊನೆಯ ಪ್ರಶ್ನೆ: "ಶುರು ಆಗೋ ಮುಂಚೆ ಗಾಡಿಗೆ ಏನು ಮಾಡ್ಸಿದ್ರಿ?"

"ಏನೂ ಇಲ್ಲ ಭಾಯಿ. ಹಬ್ಬಕ್ಕೆ ತೊಳೆಸಿದ್ದೆ ಅಷ್ಟೇ."

"ಇಂಜಿನ್‌ಗೂ ನೀರು ಹೊಡ್ಸಿದ್ರಾ?"

"ಹ್ಞೂಂ..."

ಅವರು ನಕ್ಕರು. "ನಿಮ್ದು ಐದನೇ ಗಾಡಿ ಅಕ್ಕಾ, ಹಬ್ಬ ಆದ್ಮೇಲೆ."

ಹಾಗಂತ ತಕ್ಷಣ ಕಳಚೋಕೆ ಕೂರಲಿಲ್ಲ. "ಅಂದಾಜು ಬೇರೆ, ಗೊತ್ತಾಗೋದು ಬೇರೆ" ಅಂತ ನನ್ನನ್ನೇ ಡ್ರೈವರ್ ಸೀಟಿಗೆ ಕೂರಿಸಿ ಪಕ್ಕದಲ್ಲಿ ಕೂತರು. ಮೊದಲು ನಿಂತಲ್ಲೇ ರೇಸ್ ಕೊಡಿಸಿದರು, ಇಂಜಿನ್ ನುಣ್ಣಗೆ ಕೂಗಿತು. "ನೋಡಿ, ಇದು ನೋಡಿ ಗಾಡಿ ಸರಿ ಇದೆ ಅಂತಾರೆ. ಕೂತಲ್ಲಿ ಎಲ್ಲಾರೂ ಪೈಲ್ವಾನ್ರೇ." ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರು, 40ರ ವೇಗ, ಪೂರ್ತಿ ಒತ್ತಿಸಿದರು. ಗಡಗಡ. ಅದೇ 40ರಲ್ಲಿ ಎರಡನೇ ಗೇರಿಗೆ ಇಳಿಸಿ ಮೆತ್ತಗೆ ಒತ್ತಿಸಿದರು. ಏನೂ ಇಲ್ಲ. ಎರಡು ಸಲವೂ ಗಾಲಿ ತಿರುಗಿದ್ದು ಅಷ್ಟೇ ವೇಗದಲ್ಲಿ, ಅಪ್ಪ ಹೇಳಿದ ಹಾಗೆ ಗಾಲಿಯ ತಪ್ಪಲ್ಲ. ಬದಲಾದದ್ದು ಇಂಜಿನ್ ಮೇಲೆ ಬಿದ್ದ ಭಾರ. ಭಾರ ಬಿದ್ದಾಗ ಮಾತ್ರ ಯಾವುದೋ ಒಂದು ಸಿಲಿಂಡರ್ ಕೈಕೊಡುತ್ತಿದೆ. ಗ್ಯಾರೇಜಿನ ಭಾಷೆಯಲ್ಲಿ 'ಮಿಸ್ ಹೊಡೀತಿದೆ'.

ಒಂದು ಸಿಲಿಂಡರ್ ಮಿಸ್ ಹೊಡೆದರೆ ಇಷ್ಟೊಂದು ಯಾಕೆ ಅದುರಬೇಕು? ಇಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ಸಿಲಿಂಡರಿನಲ್ಲಿ ಒಂದು ಸಲ ಪೆಟ್ರೋಲ್ ಹೊತ್ತಿಕೊಳ್ಳಬೇಕು. ನಿಮಿಷಕ್ಕೆ 3000 ಸುತ್ತು ಅಂದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹೊಡೀಬೇಕು. ಮೂವರು ಸೇರಿ ಒನಕೆಯಲ್ಲಿ ಭತ್ತ ಕುಟ್ಟುವಾಗ ಒಬ್ಬಳು ನಡುನಡುವೆ ಏಟು ತಪ್ಪಿಸಿದರೆ ಹೇಗಿರುತ್ತೆ, ಹಾಗೆ. ನಾಲ್ಕು ಸಿಲಿಂಡರಿನ ಕಾರಾದರೆ ಕಾಲು ಭಾಗ ಬಲ ಹೋಯಿತು, ನಮ್ಮದರಲ್ಲಿ ಮೂರರಲ್ಲಿ ಒಂದು ಭಾಗವೇ ಹೋಯಿತು.

ಆಮೇಲೆ ಅವರು ಸ್ಕ್ಯಾನರ್ ತಂದು ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿದರು. 2013ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಕಾರುಗಳಲ್ಲಿ ಇಂಜಿನ್ ತನ್ನ ಮಿಸ್‌ಗಳನ್ನು ತಾನೇ ಎಣಿಸಿ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಇರುತ್ತೆ. ಪರದೆ ಮೇಲೆ 'ಪಿ0302' ಅಂತ ಬಂತು. ಕೊನೆಯ ಅಂಕಿ ಸಿಲಿಂಡರಿನ ನಂಬರು. ಎರಡನೇ ಸಿಲಿಂಡರ್. 'ಪಿ0300' ಅಂತ ಬಂದಿದ್ದರೆ ಯಾವುದೋ ಒಂದಲ್ಲ, ಅಲ್ಲಲ್ಲಿ ಎಲ್ಲವೂ ತಪ್ಪಿಸುತ್ತಿವೆ ಅಂತ. ಆಗ ಪೆಟ್ರೋಲು, ಪಂಪು, ಗಾಳಿಯ ಸೋರಿಕೆ ಇವನ್ನು ನೋಡಬೇಕು, ಮೂರನೇ ಮಹಡಿಯ ಅಂಕಲ್ ಗೆದ್ದರೂ ಗೆಲ್ಲಬಹುದು.

"ಹಾಗಾದ್ರೆ ಎರಡನೇದರ ಪ್ಲಗ್ಗೋ ಕಾಯಿಲ್ಲೋ ಬದಲಾಯ್ಸಿದ್ರೆ ಆಯ್ತಲ್ಲ ಭಾಯಿ?" ಅಂದೆ, ಅರ್ಧ ಮೆಕ್ಯಾನಿಕ್ ಆದ ಹೆಮ್ಮೆಯಲ್ಲಿ.

"ಅಲ್ಲೇ ಎಲ್ಲಾರ್ದೂ ದುಡ್ಡು ಹೋಗೋದು. ಇದು ಯಾವ ಮನೇಲಿ ಜಗಳ ಅಂತ ಹೇಳ್ತದೆ ಅಕ್ಕಾ. ಯಾಕೆ ಜಗಳ ಅಂತ ಹೇಳಲ್ಲ."

ಇಂಜಿನ್ ಆಫ್ ಮಾಡಿ, ಸ್ವಲ್ಪ ಆರಲು ಬಿಟ್ಟು, ಒಂದೊಂದು ಬೋಲ್ಟ್ ತೆಗೆದು ಮೂರೂ ಕಾಯಿಲ್ ಮೇಲಕ್ಕೆಳೆದರು. ಹಳೇ ಕಾರುಗಳಲ್ಲಿ ಒಂದೇ ಕಾಯಿಲ್ ಇದ್ದು ಪ್ಲಗ್‌ಗಳಿಗೆ ದಪ್ಪ ವೈರುಗಳು ಹೋಗುತ್ತಿದ್ದವು. ಈಗಿನ ಎಷ್ಟೋ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತೆ. ಪ್ಲಗ್ ಇರೋದು ಇಂಜಿನ್ ಒಳಗೆ ಒಂದು ಗೇಣಿನಷ್ಟು ಆಳದ ಬಾವಿಯಲ್ಲಿ. ಕಾಯಿಲ್ಲಿನ ಮೇಲ್ಭಾಗದ ರಬ್ಬರ್ ಆ ಬಾವಿಗೆ ಮುಚ್ಚಳ. ಹೊಸದರಲ್ಲಿ ಬಿಗಿಯಾಗಿರುತ್ತೆ. ಇಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಬೆಂದು ಗಟ್ಟಿಯಾದ ಮೇಲೆ ಮಳೆ ಹನಿಯನ್ನೇನೋ ತಡೆದೀತು, ಪ್ರೆಷರ್ ಪೈಪಿನ ನೀರನ್ನು ತಡೆಯಲ್ಲ.

ಒಂದನೇದೂ ಮೂರನೇದೂ ಒಣಗಿದ್ದವು. ಎರಡನೇ ಕಾಯಿಲ್ಲಿನ ತುದಿ ಒದ್ದೆ, ಒಳಗಿನ ಸ್ಪ್ರಿಂಗಿಗೆ ತುಕ್ಕು. ಬಾವಿಯ ತಳದಲ್ಲಿ ಹಬ್ಬದ ನೀರು ಇನ್ನೂ ತಳತಳ ಅಂತಿತ್ತು. ಏಳು ದಿನ ಆಗಿತ್ತು! ಅಷ್ಟು ಆಳದಲ್ಲಿ ಕೂತ ನೀರು ಆವಿಯಾಗಿ ಮೇಲೆದ್ದರೂ ಮುಚ್ಚಳಕ್ಕೆ ತಾಗಿ, ಇಂಜಿನ್ ತಣಿದಾಗ ಮತ್ತೆ ಹನಿಯಾಗಿ ಕೆಳಗೇ ಬೀಳುತ್ತಂತೆ. ಬೆಳಿಗ್ಗೆ ಜೋರು, ಬಿಸಿಯಾದ ಮೇಲೆ ಕಡಿಮೆ ಅನ್ನೋ ಆಟ ಅದರದ್ದು.

ಭಾಯಿ ಪ್ಲಗ್ಗನ್ನೂ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಅದರ ಬಿಳಿ ಪಿಂಗಾಣಿ ಮೇಲೆ, ಮೇಲಿಂದ ಕೆಳಕ್ಕೆ, ಪೆನ್ಸಿಲ್ಲಿನಿಂದ ಗೀಚಿದ ಹಾಗೆ ಒಂದು ಸಣ್ಣ ಕಪ್ಪು ಗೆರೆ. ಕಾಯಿಲ್ಲಿನ ರಬ್ಬರ್ ಒಳಗೂ ಅದೇ ಗೆರೆಯ ಜೋಡಿ. "ಇದೇ ಕಳ್ಳ" ಅಂದರು.

ಆ ಗೆರೆ ಏನು ಅಂತ ಅರ್ಥವಾದಾಗ ಹೆಬ್ಬಾಳದ ಏರಲ್ಲೇ ಯಾಕೆ ಅದುರುತ್ತಿತ್ತು ಅನ್ನೋದೂ ಅರ್ಥವಾಯಿತು. ಕಾಯಿಲ್ 12 ವೋಲ್ಟಿನ ಬ್ಯಾಟರಿಯಿಂದ ಹತ್ತಾರು ಸಾವಿರ ವೋಲ್ಟ್ ಎಬ್ಬಿಸಿ ಪ್ಲಗ್ಗಿಗೆ ಕಳಿಸುತ್ತೆ. ಪ್ಲಗ್ಗಿನ ತುದಿಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸಂದು. ಕಿಡಿ ಆ ಸಂದನ್ನು ಹಾರಬೇಕು. ನಿಧಾನಕ್ಕೆ ಓಡುವಾಗ ಸಿಲಿಂಡರ್ ಒಳಗಿನ ಒತ್ತಡ ಕಡಿಮೆ, ಹಾರೋದು ಸುಲಭ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಒಳಗೆ ಗಾಳಿ ತುಂಬಿ ಒತ್ತಡ ಏರುತ್ತೆ, ಅದನ್ನು ಭೇದಿಸಿ ಹಾರೋಕೆ ಹೆಚ್ಚು ವೋಲ್ಟ್ ಬೇಕು. ಗದ್ದೆಗೆ ಕಾಲುವೆಯಲ್ಲಿ ನೀರು ಬಿಟ್ಟಿದ್ದೀರಿ, ಮುಂದೆ ಕಸ ಕಟ್ಟಿದೆ, ಪಕ್ಕದ ಬದು ಒಂದು ಕಡೆ ಬಿರುಕು ಬಿಟ್ಟಿದೆ ಅಂದುಕೊಳ್ಳಿ. ನೀರು ಬಿರುಕಿನಲ್ಲೇ ಹೋಗುತ್ತೆ. ಇಲ್ಲೂ ಹಾಗೇ, ಕಿಡಿ ಒಳಗಿನ ಸಂದು ಹಾರುವ ಬದಲು ಒದ್ದೆಯಾದ ಪಿಂಗಾಣಿಯ ಹೊರಮೈ ಮೇಲೆ ಜಾರಿ ಇಂಜಿನ್ನಿನ ಲೋಹಕ್ಕೆ ಇಳಿದುಬಿಡುತ್ತೆ. ಹೋದ ದಾರಿಯಲ್ಲಿ ಸುಟ್ಟ ಗೆರೆ ಬೀಳುತ್ತೆ. ಒಮ್ಮೆ ಗೆರೆ ಬಿತ್ತೋ, ನೀರು ಒಣಗಿದರೂ ಆ ದಾರಿ ಹಾಗೇ ಇರುತ್ತೆ. ಶನಿವಾರ ಚೆನ್ನಾಗಿದ್ದು ಮಂಗಳವಾರ ಮತ್ತೆ ಬಂದದ್ದರಲ್ಲಿ ಹೊಸ ಮೌಂಟಿಂಗಿನ ಪಾತ್ರ ಏನೂ ಇರಲಿಲ್ಲ.

ಕಳ್ಳ ಸಿಕ್ಕಿದ ಅಂತ ನಾನು ಪರ್ಸ್ ತೆಗೆದರೆ ಭಾಯಿ ಇನ್ನೂ ಒಪ್ಪಲಿಲ್ಲ. ಬಾವಿಗೆ ಗಾಳಿ ಹೊಡೆದು, ಒಣಗಿಸಿ, ಎರಡನೇ ಕಾಯಿಲ್ಲನ್ನು ಮೂರಕ್ಕೂ ಮೂರರದನ್ನು ಎರಡಕ್ಕೂ ಹಾಕಿದರು. ಪ್ಲಗ್ಗುಗಳು ಅವವೇ. ಸ್ಕ್ಯಾನರಿನಲ್ಲಿ ಹಳೇ ಕೋಡ್ ಅಳಿಸಿ ಮತ್ತೆ ಒಂದು ಸುತ್ತು. ಮತ್ತೆ ಅದುರಿತು. ಸ್ಕ್ಯಾನರ್ ಈಗ ಹೇಳಿದ್ದು 'ಪಿ0303'. ರೋಗ ಕಾಯಿಲ್ಲಿನ ಜೊತೆಗೇ ಎರಡನೇ ಮನೆಯಿಂದ ಮೂರನೇ ಮನೆಗೆ ಹೋಗಿತ್ತು. ಒಂದು ಪೈಸೆಯ ಸಾಮಾನು ಕೊಳ್ಳದೆ ಸಾಬೀತಾಯಿತು.

ನನಗೆ ಬಹಳ ಹಿಡಿಸಿದ್ದು ಇದೇ. ರೋಗ ಎರಡರಲ್ಲೇ ಉಳಿದಿದ್ದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ಗನ್ನು ಇದೇ ಥರ ಅದಲುಬದಲು ಮಾಡಬೇಕು. ಅದಕ್ಕೂ ಜಗ್ಗದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರು, ಕೊನೆಗೆ ಸಿಲಿಂಡರಿನ ಕಂಪ್ರೆಷನ್. ದುಬಾರಿ ಕೆಲಸ ಕೊನೆಗೆ. ನಮ್ಮ ಎಷ್ಟೋ ಕಡೆ ಇದು ತಲೆಕೆಳಗಾಗಿ ನಡೆಯುತ್ತೆ.

ಮನೆಯಲ್ಲೇ ಮಾಡಿ ನೋಡೋ ಆಸೆ ಇರೋರಿಗೆ ಎರಡು ಮಾತು. ಹಳೇ ಮೆಕ್ಯಾನಿಕ್‌ಗಳು ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಕಿತ್ತು ಯಾವುದು ಸತ್ತಿದೆ ಅಂತ ನೋಡುತ್ತಿದ್ದರು. ಈ ಥರದ ಕಾಯಿಲ್ಲಿಗೆ ಅದು ಖಂಡಿತ ಬೇಡ. ಹೊಡೆಯೋದು ಸಾವಿರಾರು ವೋಲ್ಟ್, ಜೊತೆಗೆ ಕಂಪ್ಯೂಟರಿಗೂ ಏಟು ಬೀಳಬಹುದು. ಆಫ್ ಮಾಡಿ, ತಣಿದ ಮೇಲೇ ಕೈ ಹಾಕಿ. ಪ್ಲಗ್ ಕೂರೋದು ಅಲ್ಯೂಮಿನಿಯಂ ಮರೆಯಲ್ಲಿ. ಬಿಸಿಯಲ್ಲಿ ಬಿಚ್ಚಿದರೆ, ಅಥವಾ ಹಾಕುವಾಗ ಶಕ್ತಿಪ್ರದರ್ಶನ ಮಾಡಿದರೆ ಮರೆ ಕಿತ್ತುಬರುತ್ತೆ, ಆಮೇಲೆ ಇಡೀ ಹೆಡ್ ಬಿಚ್ಚೋ ಕೆಲಸ.

ಹುಡುಗ ಸ್ಕೂಟರಲ್ಲಿ ಹೋಗಿ ಸಾಮಾನು ತರೋವರೆಗೆ ಭಾಯಿ ನನಗೆ ಪ್ಲಗ್ ನೋಡೋದು ಹೇಳಿಕೊಟ್ಟರು. ತುದಿ ತಿಳಿ ಕಂದು, ಹುರಿದ ರವೆಯ ಬಣ್ಣ ಇದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಎಣ್ಣೆ ಎಣ್ಣೆ ಇದ್ದರೆ ಇಂಜಿನ್ ಆಯಿಲ್ ಒಳಗೆ ಇಳೀತಿದೆ, ಖರ್ಚು ಬರುತ್ತೆ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಕಾವು ಹೆಚ್ಚು. ನಮ್ಮ ಒಂದು ಮತ್ತು ಮೂರು ಹುರಿದ ರವೆ. ಎರಡನೇದು ಹೊತ್ತಿಕೊಳ್ಳದ ಪೆಟ್ರೋಲಿನಲ್ಲಿ ತೊಯ್ದು ವಾಸನೆ ಬರುತ್ತಿತ್ತು.

ಆ ಹೊತ್ತಿಕೊಳ್ಳದ ಪೆಟ್ರೋಲ್ ಎಲ್ಲಿಗೆ ಹೋಗುತ್ತೆ ಅನ್ನೋದು ನಾನು ಕೇಳಿದ ಒಂದೇ ಬುದ್ಧಿವಂತ ಪ್ರಶ್ನೆ. ಅದು ಸೈಲೆನ್ಸರಿನ ಕಡೆ ಹೋಗುತ್ತೆ. ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಪೆಟ್ರೋಲ್ ಅಲ್ಲಿ ಹೊತ್ತಿಕೊಂಡರೆ ಒಳಗಿನ ಜೇನುಗೂಡಿನಂಥ ಪಿಂಗಾಣಿ ಕೆಂಡವಾಗಿ ಕರಗಿಹೋಗಬಹುದು. ಅದಕ್ಕೆ ಲೇಪಿಸಿರೋದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಹೆಸರು ಕೇಳಿದರೇ ಬೆಲೆ ಗೊತ್ತಾಗುತ್ತೆ. ಅದಕ್ಕೇ ಆ ಹಳದಿ ದೀಪಕ್ಕೆ ಎರಡು ಭಾಷೆ. ಸುಮ್ಮನೆ ಉರಿಯುತ್ತಿದ್ದರೆ, ಎರಡು ದಿನದಲ್ಲಿ ತೋರಿಸಿ ಅಂತ. ಮಿಣುಕುತ್ತಿದ್ದರೆ, ಈಗಲೇ ಕಾಲು ತೆಗಿ ಅಂತ. ನಾನು ಅದನ್ನು ಆರು ದಿನ ಡ್ಯಾಶ್‌ಬೋರ್ಡಿನ ಗಣಪತಿಗೆ ಒಪ್ಪಿಸಿ ಓಡಿಸಿದ್ದೆ. ಕನ್ವರ್ಟರ್ ಉಳಿದದ್ದು ಪುಣ್ಯ.

ಒಂದು ಕಾಯಿಲ್ 1,900, ಮೂರು ಪ್ಲಗ್ 600, ಲೇಬರ್ 400. ಒಟ್ಟು 2,900 ರೂಪಾಯಿ. ಗೆರೆ ಬಿದ್ದದ್ದು ಒಂದೇ ಪ್ಲಗ್ಗಿಗಾದರೂ ಮೂರನ್ನೂ ಬದಲಿಸೋದೇ ಸರಿ ಅಂದರು. ಗೆರೆ ಬಿದ್ದ ಪ್ಲಗ್ಗಿನ ಮೇಲೆ ಹೊಸ ಕಾಯಿಲ್ ಕೂರಿಸಿದರೆ ಅದನ್ನೂ ಕೆಡಿಸುತ್ತೆ, ಹೇಗೂ ಮಿಕ್ಕೆರಡಕ್ಕೂ ವಯಸ್ಸಾಗಿತ್ತು. ಕಾಯಿಲ್ ಮಾತ್ರ ಮೂರೂ ಹಾಕಿಬಿಡಿ ಅಂತ ನಾನೇ ಹೇಳಿದೆ, ಹೆದರಿಕೆಗೆ. "ಚೆನ್ನಾಗಿರೋದು ಯಾಕೆ ತೆಗೀತೀರಾ? ಆ ದುಡ್ಡಲ್ಲಿ ಅಪ್ಪಾವ್ರಿಗೆ ಏನಾದ್ರೂ ತಗೊಳ್ಳಿ" ಅಂದರು. ಮೇಲಿನ ರಬ್ಬರುಗಳಿಗೆ ಸ್ವಲ್ಪ ಗ್ರೀಸ್ ಸವರಿ ಕೂರಿಸಿದರು.

ಹತ್ತೂ ಕಾಲಿಗೆ ಅಪ್ಪನನ್ನು ಕರೆದುಕೊಂಡು ಹೊರಟೆ. ಡಯಾಲಿಸಿಸ್ ಆದ ದಿನ ಅಪ್ಪ ಮಾತಾಡೋದು ಕಡಿಮೆ, ಕಣ್ಣು ಮುಚ್ಚಿ ಒರಗಿರುತ್ತಾರೆ. ಹೆಬ್ಬಾಳದಲ್ಲಿ ಬೇಕಂತಲೇ ಮೂರನೇ ಗೇರಲ್ಲಿ ಪೂರ್ತಿ ಒತ್ತಿದೆ. ಕಾರು ನೂಲಿನ ಮೇಲೆ ಹೋದ ಹಾಗೆ ಹತ್ತಿತು. ಕನ್ನಡಿಯಲ್ಲಿ ನೋಡಿದರೆ ಅಪ್ಪ ಒಂದು ಕಣ್ಣು ತೆರೆದಿದ್ದರು.

"ಏನಂತೆ?"

"ನೀರು ಹೋಗಿತ್ತಂತಪ್ಪ. ಹಬ್ಬಕ್ಕೆ ತೊಳೆಸಿದಾಗ."

"ನಮ್ಮ ಪ್ಲಾಂಟಲ್ಲೂ ಪೂಜೆಗೆ ಮೋಟ್ರು ಒರೆಸ್ತಿದ್ವಿ ಕಣಮ್ಮ, ತೊಳೀತಿರ್ಲಿಲ್ಲ" ಅಂದು ಕಣ್ಣು ಮುಚ್ಚಿದರು.

ಮೊನ್ನೆ ಮತ್ತೆ ಅದೇ ವಾಟರ್ ಸರ್ವಿಸ್‌ಗೆ ಹೋಗಿದ್ದೆ. ಅದೇ ಹುಡುಗ ಬಾನೆಟ್ಟಿಗೆ ಕೈ ಹಾಕಿದ. ಬೇಡಪ್ಪ ಅಂದೆ. ಒಂದು ಒದ್ದೆ ಬಟ್ಟೆ ಇಸ್ಕೊಂಡು, ಕಾಯಿಲ್ಲುಗಳ ಸುತ್ತ ನಾನೇ ಒರೆಸಿಕೊಂಡೆ.